44 ದಿನ ತಡವಾದ ನನ್ನ ಮೂಳೆ ಇಂಜೆಕ್ಷನ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಇದಕ್ಕೂ ಮೊದಲು 11 ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಪತ್ರದಲ್ಲೂ ಹಾಗೇ ಇರಬೇಕು ಅಂದುಕೊಂಡು ಶುರು ಮಾಡಿದ್ದೇನೆ. ನೋಡೋಣ.

ನನಗೆ 67 ವರ್ಷ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ ಮೈನಸ್ 3.2 ಬಂದಿತ್ತು, ಅಂದರೆ ಮೂಳೆ ತುಂಬಾ ಸವೆದಿದೆ ಅಂತ. ಮೂಳೆ ಸವೆತದ ಮಾತ್ರೆ ನುಂಗಿದರೆ ಎದೆ ಉರಿ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಡಾಕ್ಟರು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಡೆನೊಸುಮಾಬ್ 60 ಮಿಲಿಗ್ರಾಂ ಬರೆದುಕೊಟ್ಟರು. ಅದನ್ನು ತಣ್ಣಗೆ, ಸರಿಯಾದ ದಿನಕ್ಕೆ ಮನೆಗೆ ತಲುಪಿಸುವುದು ನಿಮ್ಮ ಕೆಲಸ. ಬೇರೇನೂ ಕೇಳಿರಲಿಲ್ಲ.

ಎರಡನೇ ಇಂಜೆಕ್ಷನ್ ಆಗಿದ್ದು ಸೆಪ್ಟೆಂಬರ್ 6ಕ್ಕೆ. ಒಂಬತ್ತನೇ ದಿನ ತುಟಿ ಸುತ್ತ ಜುಮ್ ಅನ್ನತೊಡಗಿತು. ರಾತ್ರಿ ಕೈಬೆರಳು ಸೆಟೆದುಕೊಂಡು ಲೋಟ ಹಿಡಿಯಲಾಗಲಿಲ್ಲ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. "ಗ್ಯಾಸ್ ಇರಬಹುದು ಮೇಡಂ" ಅಂದರು. ತುಟಿಗೂ ಬೆರಳಿಗೂ ಬರುವ ಗ್ಯಾಸ್ ಬಗ್ಗೆ ನಾನು ಅವತ್ತೇ ಮೊದಲು ಕೇಳಿದ್ದು. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ 7.6ಕ್ಕೆ ಇಳಿದಿತ್ತು. 8.5ಕ್ಕಿಂತ ಮೇಲಿರಬೇಕು ಅಂತ ಡಾಕ್ಟರು ಹೇಳಿದರು. ಈ ಔಷಧಿಯಿಂದ ಕ್ಯಾಲ್ಸಿಯಂ ಇಳಿಯಬಹುದು ಅಂತ ನಿಮ್ಮ ಡಬ್ಬಿಯೊಳಗಿನ ಚೀಟಿಯಲ್ಲೇ ಇದೆ. ಡೋಸ್ ಜಾಸ್ತಿ ಮಾಡಿದ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಿಂದ ಸರಿಹೋಯಿತು. ಆದರೆ ಆ ಫೋನ್ ಕರೆಯನ್ನು ನೀವು ಅಡ್ಡ ಪರಿಣಾಮದ ದೂರು ಅಂತ ಬರೆದುಕೊಳ್ಳಲಿಲ್ಲ, 'ಸಾಮಾನ್ಯ ವಿಚಾರಣೆ' ಅಂತ ಬರೆದುಕೊಂಡಿರಿ. ಇದು ನನಗೆ ಗೊತ್ತಾಗಿದ್ದು ಏಳನೇ ಫೋನ್‌ನಲ್ಲಿ.

ಇನ್ನು ಮಾರ್ಚ್ ವಿಷಯ. ಮೂರನೇ ಡೋಸ್ ಮಾರ್ಚ್ 6ಕ್ಕೆ ಆಗಬೇಕಿತ್ತು. ಮಾರ್ಚ್ 4ಕ್ಕೆ ಪೆಟ್ಟಿಗೆ ಬಂತು. ಒಳಗಿದ್ದ ಐಸ್ ಪ್ಯಾಕ್ ಬಿಸಿನೀರಿನ ಚೀಲದ ಹಾಗಿತ್ತು. ಬಿಸಿ ತಗಲಿದರೆ ಬಣ್ಣ ಬದಲಾಗಲಿ ಅಂತ ಅಂಟಿಸಿದ, ಬಿಳಿ ಇರಬೇಕಾದ ಚುಕ್ಕೆ ಕೆಂಪಾಗಿತ್ತು. ತಕ್ಷಣ ಫೋನ್ ಮಾಡಿದೆ. 26 ನಿಮಿಷ ಸಂಗೀತ ಕೇಳಿಸಿದಿರಿ. ಆಮೇಲೆ ನಡೆದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ಯಾಕಂದರೆ ಇವತ್ತಿಗೂ ಪಾತ್ರೆ ತೊಳೆಯುವಾಗ ಅದೇ ನೆನಪಾಗುತ್ತದೆ.

"ಹೇಳಿ ಅಮ್ಮಾ."

"ಇಂಜೆಕ್ಷನ್ ಬಿಸಿಯಾಗಿ ಬಂದಿದೆ. ಚುಕ್ಕೆ ಕೆಂಪಾಗಿದೆ."

"ಇನ್ಸುಲಿನ್ನಾ?"

"ಅಲ್ಲಪ್ಪ, ಮೂಳೆಯದ್ದು."

"ಓ, ಮಂಡಿ ನೋವಾ? ಫ್ರೀಜರ್‌ನಲ್ಲಿ ಇಟ್ಟುಬಿಡಿ, ಬೇಗ ತಣ್ಣಗಾಗತ್ತೆ."

ಫ್ರೀಜರ್‌ನಲ್ಲಿ ಇಡಲೇಬಾರದು, 2ರಿಂದ 8 ಡಿಗ್ರಿಯಲ್ಲೇ ಇಡಬೇಕು ಅಂತ ಚೀಟಿಯಲ್ಲಿದೆ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆತ ಕೇಳಿದ, "ಅಮ್ಮಾ, ಮನೇಲಿ ತಿಳಿದವರು ಯಾರಾದ್ರೂ ಇದ್ದಾರಾ? ಅವರಿಗೆ ಫೋನ್ ಕೊಡಿ."

ನಾನು 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮನೆಯಲ್ಲಿ ತಿಳಿದವಳು ನಾನೇ ಅಂದೆ. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. "ಹಾಗಾದ್ರೆ ಎಷ್ಟು ಡಿಗ್ರಿ ಬಿಸಿಯಾಗಿದೆ ಅಂತ ನೀವೇ ಹೇಳಿ ಮೇಡಂ" ಅಂದ. ಪೆಟ್ಟಿಗೆ ಮೇಲೆ ಕೈಯಿಟ್ಟು ಡಿಗ್ರಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ. 25 ಡಿಗ್ರಿ ಮೀರದಿದ್ದರೆ 14 ದಿನದೊಳಗೆ ಬಳಸಬಹುದು ಅಂತ ನಾನೂ ಓದಿದ್ದೇನೆ. ಮೀರಿತ್ತೋ ಇಲ್ಲವೋ ಹೇಳಬೇಕಾದವರು ಅದನ್ನು ಸಾಗಿಸಿದವರು, ಅಲ್ವಾ? ಅದಕ್ಕೆ ತಾನೇ ಆ ಚುಕ್ಕೆ ಅಂಟಿಸಿರುವುದು? ಇದನ್ನೂ ಕೇಳಿದೆ. "ಕೂಗಾಡಬೇಡಿ ಅಮ್ಮಾ" ಅಂದ. ನಾನು ಕೂಗಾಡಿರಲಿಲ್ಲ. ಕೊನೆಗೆ, "ಒಂದ್ ತಿಂಗಳು ಆಚೆ ಈಚೆ ಆದ್ರೆ ಏನಾಗಲ್ಲ, ಸುಮ್ನೆ ಟೆನ್ಶನ್ ತಗೋಬೇಡಿ" ಅಂತ ಇಟ್ಟುಬಿಟ್ಟ.

ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಆ ಹುಡುಗನಿಗೆ ತಲುಪಲಿ ಅಂತ ಬರೆಯುತ್ತೇನೆ. ಹಳೆಯ ಮಾತ್ರೆಗಳು ನಿಲ್ಲಿಸಿದ ಮೇಲೂ ಮೂಳೆಯಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಈ ಇಂಜೆಕ್ಷನ್ ಹಾಗಲ್ಲ. ಇದರ ಶಕ್ತಿ ಇಳಿದ ಮೇಲೆ ಅಷ್ಟು ದಿನ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗುತ್ತದೆ. ಬೆನ್ನುಮೂಳೆಯ ಮಣಿಗಳು ಒಂದಲ್ಲ, ಎರಡು ಮೂರು ಒಟ್ಟಿಗೆ ಕುಸಿಯಬಹುದು. ಬೀಳಬೇಕು ಅಂತಲೂ ಇಲ್ಲ. ಅದಕ್ಕೇ ಡಾಕ್ಟರು ಏಳು ತಿಂಗಳು ದಾಟಬಾರದು ಅನ್ನುತ್ತಾರೆ. 'ಒಂದು ಡೋಸ್ ಕೂಡ ತಪ್ಪಿಸಬೇಡಿ' ಅಂತ ನೀವೇ ಪ್ರತಿ ಸಲ ಮೆಸೇಜ್ ಕಳಿಸುತ್ತೀರಿ. ಈ ಸಲವೂ ಕಳಿಸಿದಿರಿ, ಔಷಧಿ ಮಾತ್ರ ಕಳಿಸಲಿಲ್ಲ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಪೆಟ್ಟಿಗೆ ಫೋಟೋ ಕೇಳಿದಿರಿ, ಕಳಿಸಿದೆ. ಡಾಕ್ಟರು ಬರೆದುಕೊಟ್ಟ ಚೀಟಿ ಹಳೆಯದಾಯಿತು ಅಂದಿರಿ, ಹೊಸದು ಕಳಿಸಿದೆ. '48 ಗಂಟೆಯಲ್ಲಿ' ಅನ್ನುವ ಮಾತನ್ನು ಐದು ಸಲ ಕೇಳಿದೆ. ಪ್ರತಿ ಸಲವೂ ನಂಬಿದೆ, ಅದು ನನ್ನದೇ ತಪ್ಪು. ಏಪ್ರಿಲ್‌ನಲ್ಲಿ ನೋಡಿದರೆ 'ಗ್ರಾಹಕರು ಉತ್ತರಿಸಲಿಲ್ಲ' ಅಂತ ದೂರು ಮುಚ್ಚಿದ್ದಿರಿ. ಕೊನೆಗೆ ನಮ್ಮ ಡಾಕ್ಟರೇ ಬೇರೆ ಕಡೆಯಿಂದ ತರಿಸಿ ಏಪ್ರಿಲ್ 19ಕ್ಕೆ ಚುಚ್ಚಿದರು. ಎರಡನೇ ಡೋಸಿನಿಂದ 225 ದಿನ. 181 ದಿನಕ್ಕೆ ಆಗಬೇಕಿತ್ತು. ಕಳೆದು ನೋಡಿ, ಸಣ್ಣ ಲೆಕ್ಕ.

ಅಷ್ಟರಲ್ಲಿ ನನಗೆ ಬೆನ್ನುನೋವು ಶುರುವಾಗಿತ್ತು. ಎಕ್ಸ್‌ರೇಯಲ್ಲಿ ಸದ್ಯಕ್ಕೆ ಏನೂ ಕಾಣಿಸಿಲ್ಲ. ಆದರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಉಸಿರು ಬಿಗಿಹಿಡಿಯುತ್ತೇನೆ. ಆ ಹೆದರಿಕೆಯನ್ನು ನೀವು ಸರಿಯಾದ ಹೊತ್ತಿಗೇ ತಲುಪಿಸಿದ್ದೀರಿ.

ಹಣ ವಾಪಸ್ ಕೊಡುತ್ತೇವೆ ಅಂತ ಮೊನ್ನೆ ಮೆಸೇಜ್ ಬಂತು. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ನಾನು ಕೇಳುತ್ತಿರುವುದು ಬೇರೆ. ನನ್ನ ಕ್ಯಾಲ್ಸಿಯಂ ಇಳಿದಿದ್ದನ್ನು ಅಡ್ಡ ಪರಿಣಾಮ ಅಂತಲೇ ದಾಖಲಿಸಿ, ಅದರ ನಂಬರ್ ಕೊಡಿ. ಫ್ರೀಜರ್‌ನಲ್ಲಿಡಿ ಅಂತ ಇನ್ನೆಷ್ಟು ಜನರಿಗೆ ಹೇಳಿದ್ದೀರಿ ಅಂತ ಪತ್ತೆ ಮಾಡಿ ಅವರಿಗೆ ಫೋನ್ ಮಾಡಿ. ನನ್ನಂತೆ ಚೀಟಿ ಓದುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ.

15 ದಿನ ಕಾಯುತ್ತೇನೆ. ಹದಿನಾರನೇ ದಿನ ಈ ಪತ್ರದ ಪ್ರತಿ ಔಷಧ ನಿಯಂತ್ರಣ ಅಧಿಕಾರಿಗಳಿಗೂ ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತದೆ. ನಿಮ್ಮ ಪೆಟ್ಟಿಗೆ ನನ್ನ ಹತ್ತಿರವೇ ಇದೆ, ಕೆಂಪು ಚುಕ್ಕೆ ಸಮೇತ. ಪ್ರತಿ ಕರೆಯನ್ನೂ ರೆಕಾರ್ಡ್ ಮಾಡುತ್ತೇವೆ ಅಂತ ನೀವೇ ಹೇಳುತ್ತೀರಲ್ಲ, ಮಾರ್ಚ್ 4ರ ಕರೆಯನ್ನು ಜೋಪಾನವಾಗಿ ಇಟ್ಟಿರಿ. ಕಳೆದುಹೋಗಿದ್ದರೆ ಹೇಳಿ, ನನ್ನ ಫೋನ್‌ನಲ್ಲೂ ಇದೆ. ಆ ನಗುವೂ ಚೆನ್ನಾಗಿ ಕೇಳಿಸುತ್ತದೆ.

ಇಂತಿ,
ಮನೆಯಲ್ಲಿ ತಿಳಿದವಳು