ಸೊನ್ನೆ ಒತ್ತಿದರೆ ಒಬ್ಬ ಮನುಷ್ಯ ಸಿಗಲಿ

ಮಾನ್ಯ ಸಂಪಾದಕರೇ,

ವಂಶವಾಹಿ ಪರೀಕ್ಷೆ ಈಗ ಎಷ್ಟು ಸುಲಭವಾಗಿದೆ ಎಂಬ ಲೇಖನವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಸ್ವಲ್ಪ ಎಂಜಲೋ ರಕ್ತವೋ ಕೊಟ್ಟರೆ ಸಾಕು, ವರದಿ ಮೊಬೈಲಿಗೇ ಬರುತ್ತದೆ ಅಂತ ಅದರಲ್ಲಿತ್ತು. ಬರುತ್ತದೆ, ನಿಜ. ನಮ್ಮ ಮನೆಗೂ ಬಂತು. ಬಂದ ಮೇಲೆ ಏನಾಯಿತು ಅಂತ ಹೇಳೋಕೆ ಈ ಪತ್ರ.

ನಾನು ಡಾಕ್ಟರಲ್ಲ. 31 ವರ್ಷ ಹುಬ್ಬಳ್ಳಿ-ಧಾರವಾಡದಲ್ಲಿ ಇಪಿಎಬಿಎಕ್ಸ್ ಕೂರಿಸಿದವನು. ಬಟ್ಟೆ ಅಂಗಡಿ, ಲಾಡ್ಜು, ಕಾಲೇಜು, ಆಸ್ಪತ್ರೆಗಳ ಒಳಗಿನ ಫೋನುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ ಅದು. ‘ಹೊರಗಿನ ಲೈನಿಗೆ ಮೊದಲು 9 ಒತ್ರಿ’ ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ನನ್ನ ತಂಗಿಗೆ 43ನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ ಎಲ್ಲ ಮುಗಿದು ಈಗ ಆರಾಮಾಗಿದ್ದಾಳೆ. ನಮ್ಮ ಅವ್ವನ ತಂಗಿಗೂ ಇದೇ ರೋಗ ಇತ್ತು ಅಂತ ಗೊತ್ತಾದಾಗ ಡಾಕ್ಟರು ಬಿಆರ್‌ಸಿಎ ಪರೀಕ್ಷೆ ಮಾಡಿಸಿ ಅಂದರು. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ವಂಶವಾಹಿಗಳು. ತುಂಡಾದ ಡಿಎನ್ಎಯನ್ನು ರಿಪೇರಿ ಮಾಡೋದು ಅವುಗಳ ಕೆಲಸ. ಅವೇ ಕೆಟ್ಟಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಜಾಸ್ತಿ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ನಮ್ಮ ಚಿಂತೆ ತಂಗಿಗಿಂತ ಅವಳ ಮಗಳದ್ದೇ ಆಗಿತ್ತು. ಅವಳಿಗೆ 22 ವರ್ಷ.

18,000 ರೂಪಾಯಿ ಕಟ್ಟಿದೆವು. ಮೂರು ವಾರದ ನಂತರ ಒಂದು ಶನಿವಾರ ರಾತ್ರಿ, ಊಟಕ್ಕೆ ಕೂತಾಗ, ವಾಟ್ಸ್ಆ್ಯಪಿಗೆ 11 ಪುಟದ ವರದಿ ಬಂತು. ಪೂರ್ತಿ ಇಂಗ್ಲಿಷು. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕನ್ಸ್’ ಅಂತ ಬರೆದಿತ್ತು. ತಂಗಿಯ ಮಗಳು, ಅಂದರೆ ನನ್ನ ಸೊಸೆ, ತಟ್ಟೆ ಸರಿಸಿ ನನ್ನ ಮುಖ ನೋಡಿದಳು. ‘ಮಾಮಾ, ಇದು ಐತಿ ಅಂತನೋ, ಇಲ್ಲ ಅಂತನೋ?’

ನನಗೇನು ಗೊತ್ತು? ಮರುದಿನ ಬೆಳಿಗ್ಗೆ ವರದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ‘ಸ್ಯಾಂಪಲ್ ಕೊಡಲು 1 ಒತ್ತಿ, ವರದಿಗಾಗಿ 2 ಒತ್ತಿ.’ 2 ಒತ್ತಿದೆ. ‘ನಿಮ್ಮ ವರದಿ ಸಿದ್ಧವಾಗಿದೆ’ ಅಂದಿತು. ಅದು ನನ್ನ ಕೈಯಲ್ಲೇ ಇದೆಯಲ್ಲಪ್ಪ! ‘ಇತರ ವಿಷಯಕ್ಕೆ 4’ ಅಂದಿತು, ಒತ್ತಿದೆ. 14 ನಿಮಿಷ ಸಂಗೀತ, ಆಮೇಲೆ ಕಟ್. ಮತ್ತೆ ಮಾಡಿ, ಹಳೇ ಅಭ್ಯಾಸದಂತೆ ಆಪರೇಟರ್ ಸಿಗಲಿ ಅಂತ ಸೊನ್ನೆ ಒತ್ತಿದೆ. ‘ನೀವು ತಪ್ಪು ಆಯ್ಕೆ ಮಾಡಿದ್ದೀರಿ.’

ಬೇರೆಯವರಿಗೆ ಇದು ಬರೀ ಕಿರಿಕಿರಿ. ನನಗೆ ಅದರ ಹೊಟ್ಟೆಯೊಳಗೆ ಏನು ನಡೀತಿದೆ ಅನ್ನೋದೂ ಕಾಣುತ್ತದೆ. 4 ಒತ್ತಿದರೆ ಕರೆ ಒಂದು ಸಾಲಿಗೆ ಹೋಗಿ ನಿಲ್ಲುತ್ತದೆ. ಆ ಸಾಲಿನ ತುದಿಯಲ್ಲಿ ಭಾನುವಾರ ಯಾರೂ ಕೂತಿಲ್ಲ. ಕಾಯುವ ಹೊತ್ತು ಮುಗಿದ ಕೂಡಲೇ ಯಂತ್ರ ಕರೆಯನ್ನು ಬಿಸಾಕುತ್ತದೆ. ಸೊನ್ನೆಗೆ ಯಾವ ಎಕ್ಸ್‌ಟೆನ್ಶನ್ನನ್ನೂ, ಅಂದರೆ ಒಳಗಿನ ಫೋನನ್ನೂ, ಜೋಡಿಸಿಲ್ಲ. ಜೋಡಿಸೋದು ಎರಡು ನಿಮಿಷದ ಕೆಲಸ.

ಆಪರೇಟರನ್ನು ತೆಗೆಯುವ ಹುಚ್ಚು ಹೊಸದೇನಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅಲ್ಮನ್ ಸ್ಟ್ರೌಜರ್ ಅಂತ ಒಬ್ಬನಿದ್ದ. ಹೆಣ ಸಾಗಿಸಿ ಸಂಸ್ಕಾರದ ಏರ್ಪಾಡು ಮಾಡುವ ವ್ಯಾಪಾರ ಅವನದು. ತನಗೆ ಬರಬೇಕಾದ ಗಿರಾಕಿಗಳ ಕರೆಯನ್ನು ಎಕ್ಸ್‌ಚೇಂಜಿನ ಆಪರೇಟರ್ ಎದುರಾಳಿಗೆ ಕೊಡುತ್ತಾಳೆ ಅಂತ ಅವನಿಗೆ ಅನುಮಾನ. ಆಕೆ ಆ ಎದುರಾಳಿಯ ಹೆಂಡತಿಯೇ ಅಂತಲೂ ಕಥೆ ಇದೆ. ಆ ಸಿಟ್ಟಿಗೆ ಆಪರೇಟರೇ ಬೇಡದ ಸ್ವಿಚ್ ಮಾಡಿ 1891ರಲ್ಲಿ ಪೇಟೆಂಟ್ ಪಡೆದ. ಬೆಂಗಳೂರಿನ ಐಟಿಐ ಕಾರ್ಖಾನೆ ಕೂಡ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನೇ ಮಾಡುತ್ತಿತ್ತು. ಅದರ ಟಕಟಕ ಸದ್ದು ಕೇಳಿಯೇ ನಾನು ಕೆಲಸ ಕಲಿತದ್ದು. ಆಮೇಲೆ ಕಂಪ್ಯೂಟರು ಬಂತು. ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಎರ್ನಾ ಹೂವರ್ ಹೆರಿಗೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, ಕರೆಗಳು ಮುಗಿಬಿದ್ದರೂ ಎಕ್ಸ್‌ಚೇಂಜು ಉಸಿರುಗಟ್ಟದ ಹಾಗೆ ನೋಡಿಕೊಳ್ಳುವ ಉಪಾಯವನ್ನು ಗೀಚಿಟ್ಟಿದ್ದರಂತೆ. 1971ರಲ್ಲಿ ಅದಕ್ಕೂ ಪೇಟೆಂಟ್ ಸಿಕ್ಕಿತು. ನಮ್ಮ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ ಮಾಡಿದ ಪುಟ್ಟ ಎಕ್ಸ್‌ಚೇಂಜು 1986ರಲ್ಲಿ ಶುರುವಾದದ್ದು ನಮ್ಮ ಪಕ್ಕದ ಕಿತ್ತೂರಿನಲ್ಲೇ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ.

ಆದರೆ ನಾನೂ ಒಂದು ಕುರ್ಚಿ ಖಾಲಿ ಮಾಡಿಸಿದವನೇ. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಒಬ್ಬ ಅಕ್ಕ ಕೂರುತ್ತಿದ್ದರು. ರೋಗಿ ತೀರಿಕೊಂಡ ಹೊತ್ತಿನಲ್ಲಿ ಮನೆಯವರ ಫೋನ್ ಬಂದರೆ ನೇರವಾಗಿ ವಾರ್ಡಿಗೆ ಕೊಡುತ್ತಿರಲಿಲ್ಲ. ‘ಒಂದ್ ನಿಮಿಷ ತಡೀರಿ’ ಅಂತ ಹೇಳಿ, ಮೊದಲು ವಾರ್ಡಿನ ಸಿಸ್ಟರಿಗೆ ರಿಂಗ್ ಮಾಡಿ, ಯಾರು ಮಾತಾಡ್ತೀರಿ ಅಂತ ಕೇಳಿಕೊಂಡು ಆಮೇಲೆ ಜೋಡಿಸುತ್ತಿದ್ದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 2003ರಲ್ಲಿ ಅಲ್ಲಿಗೆ ಆಟೋ ಅಟೆಂಡೆಂಟ್, ಅಂದರೆ ‘ಇದಕ್ಕೆ 1 ಒತ್ತಿ’ ಅಂತ ತಾನೇ ಮಾತಾಡಿ ಕರೆ ಜೋಡಿಸುವ ಯಂತ್ರ, ಹಾಕಿದವನು ನಾನು. ಅವರನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸಿದರು. ಆವತ್ತು ಅವರು ನನಗೆ ಚಹಾ ತರಿಸಿದ್ದು ನೆನಪಿದೆ.

ಇನ್ನು ಪರೀಕ್ಷೆಯ ಕಥೆ. ಸ್ತನ ಕ್ಯಾನ್ಸರಿನ ವಂಶವಾಹಿ 17ನೇ ಕ್ರೋಮೋಸೋಮಿನಲ್ಲಿದೆ ಅಂತ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ 1990ರಲ್ಲಿ ತೋರಿಸಿದರು. ಮುಂದೆ ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಬಿಆರ್‌ಸಿಎ ವಂಶವಾಹಿಗಳ ಮೇಲೆಯೇ ಅಮೆರಿಕದ ಪೇಟೆಂಟ್ ಪಡೆಯಿತು. ಅಲ್ಲಿ ಬೇರೆ ಲ್ಯಾಬು ಆ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಬೆಲೆ 3,000 ಡಾಲರಿಗೂ ಜಾಸ್ತಿ. ಎರಡನೇ ಕಡೆ ತೋರಿಸಿ ಖಾತ್ರಿ ಮಾಡಿಕೊಳ್ಳೋಣ ಅಂದರೂ ಹಾದಿ ಇರಲಿಲ್ಲ. 2013ರ ಜೂನ್ 13ರಂದು ಅಲ್ಲಿನ ಸುಪ್ರೀಂ ಕೋರ್ಟ್, ದೇಹದಲ್ಲಿ ತಾನಾಗಿಯೇ ಇರುವ ಡಿಎನ್ಎಗೆ ಪೇಟೆಂಟ್ ಇಲ್ಲ ಅಂತ ಒಮ್ಮತದ ತೀರ್ಪು ಕೊಟ್ಟಿತು. ಸಿಡಿಎನ್ಎಗೆ, ಅಂದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಡಿಎನ್ಎಗೆ, ಮಾತ್ರ ಪೇಟೆಂಟಿನ ಅವಕಾಶ ಉಳಿಸಿತು. ಬೇರೆ ಲ್ಯಾಬುಗಳು ಕೂಡಲೇ ಪರೀಕ್ಷೆ ಶುರು ಮಾಡಿದವು. ಆದರೆ ಯಾವ ಬದಲಾವಣೆ ಅಪಾಯದ್ದು, ಯಾವುದು ಅಲ್ಲ ಅಂತ ಆ ಕಂಪನಿ ವರ್ಷಗಟ್ಟಲೆ ಕೂಡಿಟ್ಟ ಮಾಹಿತಿ ಮಾತ್ರ ಅದರ ತಿಜೋರಿಯಲ್ಲೇ ಉಳಿಯಿತು.

ನನ್ನ ಸೊಸೆಯ ಪ್ರಶ್ನೆಗೆ ಉತ್ತರ ಇರುವುದೂ ಇಂಥ ಮಾಹಿತಿಯಲ್ಲೇ. ಬುಧವಾರ ಡಾಕ್ಟರು ರಜೆ ಮುಗಿಸಿ ಬಂದು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿದರು. ಡಿಎನ್ಎಯಲ್ಲಿ ಒಂದು ಅಕ್ಷರ ಬದಲಾಗಿದೆ. ಅದು ಕೆಡುಕಿನದ್ದೋ, ಸುಮ್ನೆ ಇರುವಂಥದ್ದೋ ಅಂತ ಹೇಳಲು ಸಾಕಷ್ಟು ಜನರ ಲೆಕ್ಕ ಇನ್ನೂ ಇಲ್ಲ. ಜಗತ್ತಿನ ಈ ಲೆಕ್ಕದ ಪುಸ್ತಕಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ನಮ್ಮಂಥವರು ಕಡಿಮೆ. ಹಾಗಾಗಿ ನಮಗೆ ‘ಗೊತ್ತಿಲ್ಲ’ ಅನ್ನೋ ಉತ್ತರ ಬರೋದೂ ಹೆಚ್ಚು. ಮುಂದೆ ಮಾಹಿತಿ ಕೂಡಿದಾಗ ಇಂಥವುಗಳಲ್ಲಿ ಬಹುಪಾಲು ನಿರಪಾಯ ಅಂತಲೇ ತೀರ್ಮಾನ ಆಗುತ್ತವೆ. ಇದೊಂದನ್ನೇ ನೋಡಿ ಆಪರೇಷನ್ ಗೀಪರೇಷನ್ ಏನೂ ಬೇಡ. ಮನೆಯಲ್ಲಿ ಯಾರ್ಯಾರಿಗೆ ಕ್ಯಾನ್ಸರ್ ಆಗಿತ್ತು ಅನ್ನೋದನ್ನು ನೋಡಿಕೊಂಡು ತಪಾಸಣೆ ಮಾಡಿಸುತ್ತಿದ್ದರೆ ಆಯಿತು.

ಹತ್ತು ನಿಮಿಷದ ಈ ಮಾತಿಗಾಗಿ ಶನಿವಾರ ರಾತ್ರಿಯಿಂದ ಬುಧವಾರದವರೆಗೆ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಸೊಸೆ ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ, ಎರಡೂ ಸ್ತನ ತೆಗೆಸಿಕೊಂಡವರ ಫೋಟೋ ನೋಡುತ್ತಾ ಕೂತಿದ್ದಳು. ನಾವು ಕೊಟ್ಟ 18,000 ರೂಪಾಯಿಯಲ್ಲಿ ಈ ಹತ್ತು ನಿಮಿಷ ಸೇರಿರಲಿಲ್ಲ, ಅಲ್ವಾ?

ಲ್ಯಾಬಿನವರಿಗೂ ಕಷ್ಟ ಇದೆ. ವಂಶವಾಹಿ ವಿಷಯ ತಿಳಿಸಿ ಹೇಳುವ ಕೌನ್ಸೆಲರುಗಳು ಸಿಗೋದೇ ಕಷ್ಟ, ಕನ್ನಡದಲ್ಲಿ ಹೇಳುವವರು ಇನ್ನೂ ಕಷ್ಟ. ಒಪ್ಪುತ್ತೇನೆ. ಆದರೆ ಮಾತಾಡಲು ಜನ ಇಲ್ಲದ ಶನಿವಾರ ರಾತ್ರಿ ವರದಿ ಕಳಿಸಲೇಬೇಕು ಅಂತ ಯಾರು ಹೇಳಿದರು? ಸೋಮವಾರ ಬೆಳಿಗ್ಗೆ ಕಳಿಸಬಹುದಿತ್ತು. ಡಾಕ್ಟರಿಗೆ ಮೊದಲು ಕಳಿಸಬಹುದಿತ್ತು.

ನಮ್ಮ ರಾಜ್ಯದಲ್ಲಿ ಖಾಸಗಿ ಲ್ಯಾಬುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಆ ನೋಂದಣಿಗೆ ಆರೋಗ್ಯ ಇಲಾಖೆ ಇನ್ನೊಂದು ಷರತ್ತು ಸೇರಿಸಲಿ. ವಂಶವಾಹಿ ವರದಿ ಕೊಡುವ ಲ್ಯಾಬು, ಅದನ್ನು ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರು ಫೋನಿಗೆ ಸಿಗುವ ಹೊತ್ತಿನಲ್ಲೇ ಕೊಡಬೇಕು. ಅವರ ಹೆಸರು, ಸಿಗುವ ಸಮಯ ವರದಿಯ ಮೊದಲ ಪುಟದಲ್ಲೇ ಇರಬೇಕು.

ಹುಬ್ಬಳ್ಳಿ-ಧಾರವಾಡದ ಯಾವುದೇ ಲ್ಯಾಬಿನವರು ನಿಮ್ಮ ಪತ್ರಿಕೆಯ ಮೂಲಕ ಹೇಳಿ ಕಳಿಸಿದರೆ, ನಾನೇ ಬಂದು ಅವರ ಬೋರ್ಡಿನಲ್ಲಿ ಸೊನ್ನೆಯನ್ನು ಜೋಡಿಸಿ ಕೊಡುತ್ತೇನೆ. ದುಡ್ಡು ಬೇಡ. ಆ ಎಕ್ಸ್‌ಟೆನ್ಶನ್ನಿನ ಮುಂದೆ ಯಾರನ್ನು ಕೂರಿಸುತ್ತೀರಿ ಅಂತ ಮಾತ್ರ ಮೊದಲು ಕೇಳುತ್ತೇನೆ.

– ನಿವೃತ್ತ ಟೆಲಿಫೋನ್ ತಂತ್ರಜ್ಞ, ಧಾರವಾಡ