ಮಗಳಿಗೊಂದು ಪತ್ರ: ಹೆರಿಗೆಗೆ ಊರಿಗೆ ಬರಬೇಡ ಮಾರಾಯ್ತಿ

ಪ್ರೀತಿಯ ಪುಟ್ಟಿ,

ಹೆರಿಗೆಗೆ ತೀರ್ಥಹಳ್ಳಿ ಮನೆಗೇ ಬರುತ್ತೇನೆ ಅಂತ ಹಠ ಹಿಡಿದಿದ್ದೀಯಂತೆ. ಬೇಡ. ನಿನ್ನ ತಾರೀಖು ಬರುವುದು ಆಷಾಢದಲ್ಲಿ. ಆಗ ನಮ್ಮ ಹಳ್ಳ ಹೇಗಿರುತ್ತದೆ ಅಂತ ನಿನಗೇ ಗೊತ್ತು, ಕಾಲುಸಂಕ ದಾಟಿ ಡಾಂಬರು ರಸ್ತೆಗೆ ಬಂದರೂ ಅಲ್ಲೊಂದು ಮರ ಬಿದ್ದಿರುತ್ತದೆ, ಆಂಬುಲೆನ್ಸ್ ಕರೆಯೋಣ ಅಂದರೆ ಕರೆಂಟ್ ಹೋಗಿ ಸಿಗ್ನಲ್ಲೇ ಇಲ್ಲ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿರು. ಬಾಣಂತನಕ್ಕೆ ನಾನೇ ಅಲ್ಲಿಗೆ ಬರುತ್ತೇನೆ.

ಅಂಗನವಾಡಿಯಲ್ಲಿ ದುಡಿದವಳು ನಾನು, ಸುಮ್ನೆ ಹೆದರಿಸುತ್ತಿಲ್ಲ. 2022ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಸುಮಾರು 49 ಲಕ್ಷ. ಹೆಚ್ಚಿನವರು ಆಫ್ರಿಕಾದ ಮತ್ತು ನಮ್ಮ ಸುತ್ತಲಿನ ಬಡ ದೇಶಗಳವರು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುಟ್ಟಿ ತಿಂಗಳೂ ತುಂಬದ ಕೂಸುಗಳು. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜಾಗುವುದು, ಇವೇ ದೊಡ್ಡ ಕಾರಣ. ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರು ಮಾಡಬೇಕು. ಅದಕ್ಕೆ ಬೇಕಾದದ್ದು ಕೈಯಲ್ಲಿ ಒತ್ತಿ ಗಾಳಿ ಕೊಡುವ ಒಂದು ಸಣ್ಣ ಚೀಲ, ಮಾಸ್ಕ್, ಮತ್ತೆ ಕೆಲಸ ಗೊತ್ತಿರುವ ನರ್ಸ್. ದುಬಾರಿ ಏನಲ್ಲ, ಆದರೆ ಪಕ್ಕದಲ್ಲೇ ಇರಬೇಕು ಅಲ್ವಾ?

ನಮ್ಮಲ್ಲಿ ಸುಧಾರಿಸಿಲ್ಲ ಅಂತಲ್ಲ. 1992-93ರ ಸಮೀಕ್ಷೆಯಲ್ಲಿ ದೇಶದಲ್ಲಿ ಹುಟ್ಟಿದ ಸಾವಿರಕ್ಕೆ ಸುಮಾರು 109 ಮಕ್ಕಳು ಐದು ವರ್ಷ ಕಾಣುತ್ತಿರಲಿಲ್ಲ, 2019-21ರ ಹೊತ್ತಿಗೆ ಅದು 42ಕ್ಕೆ ಇಳಿದಿತ್ತು. ಲಸಿಕೆ, ಆಸ್ಪತ್ರೆ ಹೆರಿಗೆ, ಭೇದಿಗೆ ಓಆರ್‌ಎಸ್, ಎಲ್ಲದರ ಪಾಲೂ ಇದೆ. ತಾಯಿ ಓದಿದ್ದರೆ ಮಗು ಉಳಿಯುವುದು ಜಾಸ್ತಿ ಅಂತ ಕಾಲ್ಡ್‌ವೆಲ್ ಅನ್ನುವ ಜನಸಂಖ್ಯಾ ತಜ್ಞರು 1979ರಲ್ಲೇ ನೈಜೀರಿಯಾದ ಲೆಕ್ಕ ಇಟ್ಟು ಬರೆದಿದ್ದರು. ಬರೀ ದುಡ್ಡಿನ ಮಾತಲ್ಲ ಅದು. ನಾನು ಕಂಡಂತೆ ನಾಲ್ಕಕ್ಷರ ಕಲಿತ ಹುಡುಗಿ ಮಗುವಿಗೆ ಉಬ್ಬಸ ಬಂದರೆ ಗಂಡ ತೋಟದಿಂದ ಬರಲಿ, ಅತ್ತೆ ಹೂಂ ಅನ್ನಲಿ ಅಂತ ಕಾಯುವುದಿಲ್ಲ, ಎತ್ತಿಕೊಂಡು ಹೊರಟೇಬಿಡುತ್ತಾಳೆ. ನೀನೋ, ಎಂಜಿನಿಯರಿಂಗ್ ಓದಿ ಮಳೆಗಾಲದಲ್ಲಿ ಇಲ್ಲಿಗೆ ಬರುತ್ತೇನೆ ಅನ್ನುತ್ತೀಯ!

ಇನ್ನೊಂದು. ಕೂಸು ಹುಟ್ಟಿದ ತಕ್ಷಣ ಅಜ್ಜಿ ಜೇನುತುಪ್ಪ ನೆಕ್ಕಿಸಲು ಬಂದೇ ಬರುತ್ತಾರೆ. ಬೇಡ ಅನ್ನು. ಗಂಟೆಯೊಳಗೆ ಎದೆಹಾಲು ಕೊಡು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡ, ಆರು ತಿಂಗಳು ನೀರೂ ಬೇಡ. ನಿನಗೆ ಹೇಳಲು ಆಗದಿದ್ದರೆ ನಾನು ಹೇಳುತ್ತೇನೆ, ನನಗೂ ನನ್ನ ಅತ್ತೆಗೂ ಜಗಳ ಹೊಸದೇನಲ್ಲ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ಚೀಟಿ ಎಲ್ಲ ಒಂದೇ ಚೀಲದಲ್ಲಿಡು. ಶಿವಮೊಗ್ಗಕ್ಕೆ ಟ್ರೈನ್ ಟಿಕೆಟ್ ಮಳೆ ಹಿಡಿಯುವ ಮೊದಲೇ ಮಾಡಿಸು, ಅಳಿಯಂದಿರಿಗೆ ರಜೆ ಸಿಗದಿದ್ದರೆ ಅಪ್ಪನನ್ನು ಕಳಿಸುತ್ತೇನೆ.

ನಿನ್ನ ಅಮ್ಮ