ಘಟಿಕೋತ್ಸವಕ್ಕೆ ನಾನು ಬರುತ್ತಿಲ್ಲ, ಆದರೆ ನಿನಗೊಂದು ಕೆಲಸವಿದೆ

ಪ್ರೀತಿಯ ಗೆಳೆಯಾ,

"ನಿನ್ನ ಶಿಷ್ಯೆ ಡಾಕ್ಟರೇಟ್ ತಗೊಳ್ಳುವ ದಿನ ನೀನೇ ಇಲ್ಲದಿದ್ದರೆ ಹೇಗೆ?" ಎಂದು ಕೇಳಿದ್ದೀಯ. ಸುಮ್ನೆ ಹಾರಿಕೆಯ ಉತ್ತರ ಬೇಡ ಅಂತ ಈ ಪತ್ರ.

ಅದೇ ದಿನ ಬೆಳಿಗ್ಗೆ ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್. ಪೊರೆ ತೆಗೆಸುವುದು ತುರ್ತಿನದ್ದಲ್ಲ, ಮುಂದಕ್ಕೆ ಹಾಕಬಹುದಲ್ವಾ ಅಂತೀಯ. ಹಾಕಿದ್ದಾಗಿದೆ. ಒಮ್ಮೆ ಸಕ್ಕರೆ ಜಾಸ್ತಿ ಇತ್ತು, ಇನ್ನೊಮ್ಮೆ ಕೆಮ್ಮು. ಈಗ ಎರಡೂ ಹತೋಟಿಯಲ್ಲಿವೆ. ಘಟಿಕೋತ್ಸವದ ದಿನವನ್ನಂತೂ ಅಲ್ಲಾಡಿಸುವ ಹಾಗಿಲ್ಲ. ಮುಖ್ಯ ಅತಿಥಿಗಳ ಬಿಡುವು ಸಿಕ್ಕ ಮೇಲೆ ಮುಗಿಯಿತು.

ಆಪರೇಷನ್ ಬೇಗ ಮುಗಿಯುತ್ತದೆ, ಆಮೇಲಿನದೇ ಕಷ್ಟ. ಮಾರನೇ ದಿನ ತಪಾಸಣೆ. ಮತ್ತೆ ಸಾಮಾನ್ಯವಾಗಿ 4ರಿಂದ 6 ವಾರ ಕಣ್ಣಿಗೆ ಹನಿ. ಬಲಗಣ್ಣಿನ ಸಲ ನೋಡಿದ್ದೇನಲ್ಲ. ತಲೆ ಹಿಂದಕ್ಕೆ ಒರಗಿಸಿ, ನಡುಗುವ ಕೈಯಲ್ಲಿ ಬಾಟಲಿ ಹಿಡಿದು, ಹನಿ ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾರೆ. ಔಷಧಿಯೆಲ್ಲ ಕೆನ್ನೆ ಮೇಲೆ. "ಬಿತ್ತು, ಬಿತ್ತು" ಅಂತ ತೀರ್ಪು ಕೊಡುವವರೂ ಅವರೇ! ನಮ್ಮ ಮನೆಯವರು ಮಗನ ಪರೀಕ್ಷೆಗೆಂದು ಅವನ ಜೊತೆ ಬೇರೆ ಊರಲ್ಲಿರುತ್ತಾರೆ. "ನೀನು ಹೋಗು, ಹುಡುಗಿ ಕಾಯ್ತಿರ್ತಾಳೆ" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಆಸ್ಪತ್ರೆಗೆ ಯಾರು ಬರ್ತಾರೆ?" ಅಂತಲೂ ಕೇಳಿದರು.

ನನಗೆ ಬೇಜಾರಿಲ್ಲ ಅಂತಲ್ಲ. ಆದರೆ ಘಟಿಕೋತ್ಸವಕ್ಕೆ ಮೊದಲೇ ಕೊಡುವ ತಾತ್ಕಾಲಿಕ ಪದವಿ ಪತ್ರ (ಪ್ರಾವಿಷನಲ್ ಸರ್ಟಿಫಿಕೇಟ್) ಹಿಡಿದು ಅವಳು ಆಗಲೇ ಕೆಲಸಕ್ಕೆ ಸೇರಿದ್ದಾಳೆ. ನನ್ನ ಪಾಲಿನ ಸಂಭ್ರಮ ವೈವಾ ದಿನವೇ, ಅಂದರೆ ಅವಳ ಪ್ರಬಂಧದ ಮೌಖಿಕ ಪರೀಕ್ಷೆಯ ದಿನವೇ ಆಗಿಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಮೂರನೇ ಅಧ್ಯಾಯದ ಬುಡಕ್ಕೇ ಕೈ ಹಾಕಿದರು. ನನ್ನ ಬಾಯಿ ತುದಿಗೆ ಉತ್ತರ ಬಂದಿತ್ತು. ಗೈಡ್ ಆದವರು ಅಲ್ಲಿ ತುಟಿ ಬಿಚ್ಚಬಾರದು, ಎಂಥಾ ಶಿಕ್ಷೆ ಅದು! ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಸರ್. ಯಾಕೆ ಇಲ್ಲ ಅನ್ನೋದನ್ನ ಹೇಳ್ತೀನಿ" ಅಂದಳು. ಹೇಳಿದಳು ಕೂಡ, ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿ. ಮೊದಲೆಲ್ಲ ಒಂದು ಪ್ಯಾರಾ ಬರೆದರೂ "ಸರಿ ಇದೆಯಾ ಮೇಡಂ?" ಅಂತ ನನ್ನ ಮುಖ ನೋಡುತ್ತಿದ್ದ ಹುಡುಗಿ ಅದು.

ನಾನು ಬರುತ್ತಿಲ್ಲ ಅಂತ ಫೋನಿನಲ್ಲಿ ಹೇಳಿದಾಗ ಅವಳು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ಗೌನು ವಾಪಸ್ ಕೊಡೋದು ಎರಡು ದಿನ ಬಿಟ್ಟು ಮೇಡಂ, ಮನೆಗೇ ಬರ್ತೀನಿ, ಫೋಟೋ ಅಲ್ಲೇ" ಅಂದಳು. ಅಪ್ಪ ಈಗಲೇ ಕಪ್ಪು ಕನ್ನಡಕ ಒರೆಸಿ ಇಟ್ಟುಕೊಂಡಿದ್ದಾರೆ. ಅವರೂ ಫೋಟೋದಲ್ಲಿ ಇರಬೇಕಂತೆ.

ನೀನು ಹೇಗೂ ಅಲ್ಲಿರುತ್ತೀಯ. ಅವಳ ಅಪ್ಪ ಅಮ್ಮ ಮೊದಲ ಸಲ ಬರುತ್ತಿದ್ದಾರೆ. ಸಂಕೋಚದ ಜನ, ಹಿಂದಿನ ಸಾಲಲ್ಲೇ ಕೂತುಬಿಡುತ್ತಾರೆ. ಕೈ ಹಿಡಿದು ಮುಂದೆ ಕರೆದುಕೊಂಡು ಬಾ. "ಇನ್ನೂ ಎಷ್ಟು ವರ್ಷ ಓದಬೇಕು ಮೇಡಂ?" ಅಂತ ಆ ತಾಯಿ ನನ್ನನ್ನು ಕೇಳದ ವರ್ಷವಿಲ್ಲ. ಮಗಳು ಏನು ಕಂಡುಹಿಡಿದಳು ಅಂತ ಅವರಿಗೆ ತಿಳಿಯುವ ಹಾಗೆ ಹೇಳು. ನಿನ್ನ ಕ್ಲಾಸಿನ ಭಾಷೆ ಬೇಡ ಮಾರಾಯ, ಪ್ಲೀಸ್.

ನಿನ್ನ ಗೆಳತಿ